ಕಿಡ್ನಿ ಕಸಿ ಆದವರಿಗೆ ಮೆದುಳಿನ ಪೊರೆಗೆ ಫಂಗಸ್: ಬೆನ್ನಿನಿಂದ ಪದೇ ಪದೇ ನೀರು ತೆಗೆಸಬಹುದಾ?

ಮುಲುಂಡಿನ ಸೊಸೆ

ಎಲ್ಲರಿಗೂ ನಮಸ್ಕಾರ. ಮುಂಬೈ ಕಡೆಯ ಕನ್ನಡದವರು ಯಾರಾದರೂ ಇಂಥದ್ದನ್ನು ಕಂಡಿದ್ದರೆ ದಯವಿಟ್ಟು ಉತ್ತರ ಕೊಡಿ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯವರಿಗೆ 44 ವರ್ಷ. ಠಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ. ಊರು ಕುಂದಾಪುರದ ಹತ್ತಿರ. ಎರಡು ವರ್ಷದ ಹಿಂದೆ ಕಿಡ್ನಿ ಕಸಿ ಆಯಿತು, ಕೊಟ್ಟವರು ನಮ್ಮ ಅತ್ತೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಅಂತ ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಸಣ್ಣ ಡೋಸಿನ ಸ್ಟೀರಾಯ್ಡ್ ಮೂರೂ ನಡೆಯುತ್ತಿವೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ 1.3ರ ಆಸುಪಾಸು ಇತ್ತು. ಎಲ್ಲ ಚೆನ್ನಾಗಿಯೇ ಇತ್ತು ಅಂತಲೇ ಹೇಳಬೇಕು.

ಗಣಪತಿ ಹಬ್ಬ ಮುಗಿದ ಮೇಲೆ ತಲೆನೋವು ಶುರುವಾಯಿತು. ಜೋರೇನೂ ಇಲ್ಲ, ಆದರೆ ಬಿಡುತ್ತಲೂ ಇಲ್ಲ. ಜ್ವರ ನೋಡಿದರೆ 99, ಹೆಚ್ಚೆಂದರೆ 100. ಎಸಿ ಗಾಳಿಗೆ ಅಂತ ಒಬ್ಬರು, ಸೈನಸ್ ಅಂತ ಒಬ್ಬರು. ಕನ್ನಡಕದ ನಂಬರ್ ಬದಲಾಗಿರಬೇಕು ಅಂತ ಹೊಸ ಕನ್ನಡಕವೂ ಬಂತು. ಒಂದು ರಾತ್ರಿ ಗಲ್ಲಾ ಮುಚ್ಚುವಾಗ ಐನೂರರ ಒಂದೇ ನೋಟು ಎರಡಾಗಿ ಕಾಣುತ್ತಿದೆ ಅಂತ ಫೋನ್ ಮಾಡಿದರು. ಮಾರನೇ ದಿನ ಲೋಕಲ್‌ನಲ್ಲಿ ನಿಂತಲ್ಲೇ ವಾಂತಿ. ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಸಿಟಿ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಬೆನ್ನಿನ ನೀರು ತೆಗೆದು ನೋಡಿ ಮೊದಲು ಟಿಬಿ ಇರಬಹುದು ಅಂದರು. ಸಂಜೆಗೆ ಇನ್ನೊಂದು ರಿಪೋರ್ಟ್ ಬಂತು. ಕ್ರಿಪ್ಟೊಕಾಕಸ್ ಅಂತ ಒಂದು ಫಂಗಸ್, ಮೆದುಳಿನ ಪೊರೆಗೆ ಹತ್ತಿದೆಯಂತೆ. ನೀರಿನ ಪ್ರೆಶರ್ 34 ಇತ್ತು. ಈಗ ಲೈಪೊಸೋಮಲ್ ಆಂಫೋಟೆರಿಸಿನ್ ಡ್ರಿಪ್ ನಡೆಯುತ್ತಿದೆ, ದಿನಕ್ಕೆ ನಾಲ್ಕು ವಯಲ್. ಜೊತೆಗೆ ಫ್ಲೂಸೈಟೊಸಿನ್ ಮಾತ್ರೆ, ಆರು ಗಂಟೆಗೊಮ್ಮೆ.

ತೊಂದರೆ ಎಲ್ಲಿ ಬಂದಿದೆ ಅಂದರೆ, ಡಾಕ್ಟರು ಬೆನ್ನಿನಿಂದ ಮತ್ತೆ ಮತ್ತೆ ನೀರು ತೆಗೆಯಬೇಕು ಅನ್ನುತ್ತಿದ್ದಾರೆ. ಎರಡು ಸಲ ಆಯಿತು. ಅತ್ತೆ ಹಟ ಹಿಡಿದು ಕೂತಿದ್ದಾರೆ. "ನಾನು ಕಿಡ್ನಿ ಕೊಟ್ಟದ್ದು ಅವನ ಬೆನ್ನು ಚುಚ್ಚಿಸಲಿಕ್ಕಾ? ನಾಳೆ ಸೊಂಟ ಬಿದ್ದು ಹೋದರೆ?" ಅಂತ ಕೇಳುತ್ತಾರೆ. ಊರಿನಿಂದ ಭಾವ ಫೋನ್ ಮಾಡಿ ಫಾರಂಗೆ ಸಹಿ ಹಾಕಬೇಡ ಅನ್ನುತ್ತಾರೆ. ಕಿಡ್ನಿ ಕೊಟ್ಟವರ ಮಾತನ್ನು ನಾನು ಹೇಗೆ ತೆಗೆದುಹಾಕಲಿ? ಅಷ್ಟು ನೀರು ತೆಗೆದರೆ ನಿಜವಾಗಿಯೂ ಏನಾದರೂ ಆಗುತ್ತದಾ? ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಅವರಿಗೆ ಅಂಟುತ್ತದಾ? ನಮ್ಮ ಬೆಡ್‌ರೂಮಿನ ಎಸಿಯ ಹೊರಗಿನ ಡಬ್ಬದ ಮೇಲೆ ಪಾರಿವಾಳ ಗೂಡು ಕಟ್ಟಿದೆ. ಬಿಲ್ಡಿಂಗಿನವರೆಲ್ಲ ಅದರಿಂದಲೇ ಬಂದದ್ದು ಅನ್ನುತ್ತಿದ್ದಾರೆ.

ದಾದರ್ ಸ್ಲೋ

ಅಕ್ಕ, ಪಾರಿವಾಳವೇ. ಅದರಲ್ಲಿ ಕೇಳುವುದೇನಿದೆ? 2025ರ ಆಗಸ್ಟ್‌ನಲ್ಲಿ ನಮ್ಮ ದಾದರ್ ಕಬೂತರ್‌ಖಾನಾಕ್ಕೆ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗಕ್ಕೆ, ಮುನ್ಸಿಪಾಲ್ಟಿಯವರು ತಾಡಪತ್ರಿ ಹೊದಿಸಿದರೆ ಜನ ಬಂದು ಕಿತ್ತು ಹಾಕಿದರು. ಕೋರ್ಟು ಹೇಳಿದರೂ ಕೇಳುವವರಿಲ್ಲ. ಒಂದು ಹಿಡಿ ಕಾಳು ಹಾಕಿದರೆ ಪುಣ್ಯ ಬರುತ್ತದೆ ಅಂತ ಇವರು ಹಾಕುತ್ತಾರೆ, ಪಕ್ಕದ ಬಿಲ್ಡಿಂಗಿನವರು ಕೆಮ್ಮುತ್ತಾರೆ. ಮೊದಲು ಆ ಗೂಡು ಕಿತ್ತು ಎಸೆಯಿರಿ. ಯಜಮಾನರು ಬೇಗ ಹುಷಾರಾಗಲಿ.

ಹಳೇ ಲ್ಯಾಬಿನವ, ಕಲ್ಯಾಣ

ತಂಗಿ, ನಾನು ಡಾಕ್ಟರ್ ಅಲ್ಲ. ಊರು ಧಾರವಾಡ. ಪರೇಲ್ ಕಡೆಯ ಒಂದು ದೊಡ್ಡ ಆಸ್ಪತ್ರೆಯ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದು ರಿಟೈರ್ ಆದವನು. ಈ ಫಂಗಸ್ಸನ್ನು ಗಾಜಿನ ಮೇಲೆ ಬಹಳ ಸಲ ನೋಡಿದ್ದೇನೆ.

ಮೊದಲು ಮುಖ್ಯ ಮಾತು. ನೀರು ತೆಗೆಯುವುದು ಬರೀ ಟೆಸ್ಟ್ ಅಲ್ಲ. ಈ ಕಾಯಿಲೆಯಲ್ಲಿ ಅದೇ ಅರ್ಧ ಚಿಕಿತ್ಸೆ. ಅದನ್ನು ಬೇಡ ಅನ್ನಬೇಡಿ.

ಯಾಕೆ ಅಂದರೆ, ನಮ್ಮ ಮೆದುಳು ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಹುಟ್ಟಿಸುತ್ತದೆ. ಆದರೆ ಒಂದು ಹೊತ್ತಿಗೆ ತಲೆಬುರುಡೆ, ಬೆನ್ನುಹುರಿ ಎಲ್ಲ ಸೇರಿ ಇರುವುದು 150 ಮಿಲಿ ಅಷ್ಟೇ. ಅಂದರೆ ಹೊಸದು ಬರುತ್ತಲೇ ಇರುತ್ತದೆ, ಹಳೆಯದು ಸಣ್ಣ ಸಣ್ಣ ಕಿಂಡಿಗಳಿಂದ ರಕ್ತಕ್ಕೆ ಇಳಿದು ಹೋಗುತ್ತಲೇ ಇರುತ್ತದೆ. ಈ ಫಂಗಸ್ಸಿನ ಮೈಸುತ್ತ ಅಂಟಂಟಾದ ಸಕ್ಕರೆಯ ಒಂದು ಕವಚ ಇದೆ. ಆ ಅಂಟು ಕಳಚಿ ನೀರಿಗೆ ಬೀಳುತ್ತದೆ. ಅಂಟು, ಫಂಗಸ್ಸು ಎರಡೂ ಸೇರಿ ಕಿಂಡಿಗಳನ್ನು ಮುಚ್ಚುತ್ತವೆ. ಜುಲೈ ಮಳೆಯಲ್ಲಿ ಹಿಂದ್‌ಮಾತಾ ನೋಡಿದ್ದೀರಲ್ಲ, ಮೇಲಿಂದ ಮಳೆ ನಿಲ್ಲುವುದಿಲ್ಲ, ಕೆಳಗೆ ಗಟಾರ ಕಟ್ಟಿಕೊಂಡಿರುತ್ತದೆ, ಪಂಪ್ ಹಚ್ಚದೆ ಬೇರೆ ದಾರಿಯಿಲ್ಲ. ಔಷಧಿ ಫಂಗಸ್ಸನ್ನು ಕೊಲ್ಲುತ್ತದೆ, ಆದರೆ ಕಿಂಡಿ ತೆರೆಯಲಿಕ್ಕೆ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಪ್ರೆಶರ್ ನೋಟದ ನರವನ್ನೂ ಕಣ್ಣು ಹೊರಳಿಸುವ ನರವನ್ನೂ ಒತ್ತುತ್ತದೆ. ಹೊರಳಿಸುವ ನರ ಸೋತರೆ ಒಂದು ನೋಟು ಎರಡಾಗಿ ಕಾಣುತ್ತದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಪ್ರಾಣಕ್ಕೇ ಕುತ್ತು ಬರುವುದು, ಹೆಚ್ಚಾಗಿ ಈ ಪ್ರೆಶರ್‌ನಿಂದ.

ಮಲಗಿಸಿ ಅಳೆದಾಗ ಸಾಮಾನ್ಯವಾಗಿ 20ರ ಒಳಗೆ ಇರಬೇಕು. 25 ದಾಟಿ ತಲೆನೋವು, ವಾಂತಿ ಇದ್ದರೆ ತೆಗೆಯಲೇಬೇಕು, ಬೇಕಾದರೆ ದಿನಾ ತೆಗೆಯಬೇಕು. ನಿಮ್ಮ ಯಜಮಾನರದ್ದು 34. ಒಂದು ಸಲಕ್ಕೆ 20, 30 ಮಿಲಿ ತೆಗೆದರೂ ಒಂದೂವರೆ ಗಂಟೆಯೊಳಗೆ ಅಷ್ಟನ್ನೂ ಮೆದುಳು ಮತ್ತೆ ತುಂಬಿಕೊಳ್ಳುತ್ತದೆ, ಖಾಲಿ ಆಗುವ ಪ್ರಶ್ನೆಯೇ ಇಲ್ಲ. ಸೊಂಟದ ಭಯಕ್ಕೆ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ: ಬೆನ್ನುಹುರಿ ಪಕ್ಕೆಲುಬು ಮುಗಿಯುವ ಜಾಗದಿಂದ ಸ್ವಲ್ಪ ಕೆಳಗೇ ಮುಗಿದು ಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು, ಸೂಜಿ ಬಂದರೆ ಪಕ್ಕಕ್ಕೆ ಸರಿಯುತ್ತವೆ. ಸೂಜಿ ಹಾಕಿದ ಕಡೆ ಒಂದೆರಡು ದಿನ ನೋವು ಇರಬಹುದು. ಅತ್ತೆಯವರನ್ನು ಒಂದು ಸಲ ವಾರ್ಡಿಗೆ ಕರೆದುಕೊಂಡು ಹೋಗಿ. ನೀರು ತೆಗೆಯುವ ಮೊದಲು ಮಗನ ಮುಖ ನೋಡಲಿ, ತೆಗೆದ ಒಂದು ಗಂಟೆಗೆ ನೋಡಲಿ. ನಾನು ಬರೆಯುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ತೆಗೆದೂ ತೆಗೆದೂ ಪ್ರೆಶರ್ ಇಳಿಯಲಿಲ್ಲ ಅಂದರೆ ಬೆನ್ನಿಗೆ ಸಣ್ಣ ನಳಿಗೆ ಇಡುತ್ತಾರೆ, ಇಲ್ಲವೇ ತಲೆಯಿಂದ ಹೊಟ್ಟೆಗೆ ಒಳಗಿನಿಂದಲೇ ಶಂಟ್ ಹಾಕುತ್ತಾರೆ. ಎಲ್ಲರಿಗೂ ಅಷ್ಟು ದೂರ ಹೋಗುವುದಿಲ್ಲ.

ಮೊದಲು ಟಿಬಿ ಅಂದರು ಅಂತ ಡಾಕ್ಟರ್ ಮೇಲೆ ಸಿಟ್ಟಾಗಬೇಡಿ. ಎರಡರಲ್ಲೂ ನೀರು ಒಂದೇ ಥರ ಕಾಣುತ್ತದೆ. ಸಕ್ಕರೆ ಕಡಿಮೆ, ಪ್ರೊಟೀನ್ ಜಾಸ್ತಿ, ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ ಜಾಸ್ತಿ. ನಮ್ಮ ದೇಶದಲ್ಲಿ ಟಿಬಿಯೇ ಹೆಚ್ಚು, ಹಾಗಾಗಿ ಮೊದಲು ಅದೇ ನೆನಪಾಗುತ್ತದೆ. ಬೇರೆ ಮಾಡಿ ತೋರಿಸುವುದು ಇಂಡಿಯಾ ಇಂಕ್. ಡ್ರಾಯಿಂಗ್‌ಗೆ ಬಳಸುವ ಕಪ್ಪು ಶಾಯಿಯೇ ಅದು. ಬೆನ್ನಿನ ನೀರನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದರಲ್ಲಿ ಒಂದು ಹನಿ ಗಾಜಿನ ಮೇಲೆ ಇಟ್ಟು, ಒಂದು ಹನಿ ಶಾಯಿ ಬೆರೆಸಿ, ಮೇಲೆ ತೆಳು ಗಾಜು ಮುಚ್ಚಬೇಕು. ಮೈಕ್ರೊಸ್ಕೋಪಿನಲ್ಲಿ ಇಡೀ ಬಯಲು ಕಪ್ಪು. ಅದರ ನಡುವೆ ಒಂದು ದುಂಡನೆಯ ಜೀವಕೋಶ, ಸುತ್ತ ಅಚ್ಚ ಬಿಳಿ ಬಳೆ. ಕವಚದೊಳಗೆ ಶಾಯಿ ಹೋಗುವುದಿಲ್ಲವಲ್ಲ, ಅದಕ್ಕೆ. ಹೊಸಬರು ಲಿಂಫೋಸೈಟನ್ನೂ ಗಾಳಿಗುಳ್ಳೆಯನ್ನೂ ನೋಡಿ ಕ್ರಿಪ್ಟೊ ಅನ್ನುತ್ತಾರೆ. ನಮ್ಮ ಮೇಡಂ ಮೊಗ್ಗು ತೋರಿಸು ಅನ್ನುತ್ತಿದ್ದರು. ತಾಯಿ ಕೋಶದ ಪಕ್ಕದಲ್ಲಿ ಸಣ್ಣ ಮರಿ ಮೊಗ್ಗು ಒಡೆಯುತ್ತಿದ್ದರೆ ಮಾತ್ರ ರಿಪೋರ್ಟ್‌ಗೆ ಸಹಿ. ಫಂಗಸ್ ಕಡಿಮೆ ಇದ್ದರೆ ಶಾಯಿಗೆ ತಪ್ಪಿಸಿಕೊಳ್ಳುತ್ತದೆ. ಆ ಕವಚದ ಅಂಟನ್ನೇ ಹುಡುಕುವ ಈಗಿನ ಆಂಟಿಜೆನ್ ಪಟ್ಟಿ ಬಹಳ ಚುರುಕು, ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ನಿಮಗೆ ಸಂಜೆ ಬಂದ ರಿಪೋರ್ಟ್ ಬಹುಶಃ ಅದೇ.

ಇನ್ನೊಂದು ಹೇಳಿಬಿಡುತ್ತೇನೆ, ಇದು ಸುಮ್ನೆ. ಈ ಫಂಗಸ್ಸನ್ನು ಗುರುತಿಸಲಿಕ್ಕೆ ಲ್ಯಾಬಿನಲ್ಲಿ ಒಂದು ವಿಶೇಷ ಅಗರ್, ಅಂದರೆ ಫಂಗಸ್ ಬೆಳೆಸುವ ಜೆಲ್ಲಿ, ಮಾಡುತ್ತಾರೆ, ಗುರೆಳ್ಳು ಅರೆದು. ಹೌದು, ನಮ್ಮ ಕಡೆ ಚಟ್ನಿಪುಡಿ ಮಾಡುವ ಅದೇ ಗುರೆಳ್ಳು, ಇಲ್ಲಿ ಕಾರಳೆ ಅನ್ನುತ್ತಾರೆ. ಅದರ ಮೇಲೆ ಬೆಳೆದರೆ ಕ್ರಿಪ್ಟೊಕಾಕಸ್ ಕಂದು ಬಣ್ಣಕ್ಕೆ ತಿರುಗುತ್ತದೆ. 1962ರಲ್ಲಿ ಸ್ಟೈಬ್ ಅನ್ನುವ ವಿಜ್ಞಾನಿ ಕಂಡುಕೊಂಡ ದಾರಿ. ನಮ್ಮ ಲ್ಯಾಬಿಗೆ ಗುರೆಳ್ಳು ಬೇಕಾದಾಗ ಸಪ್ಲೈಯರ್ ಕಾಯುತ್ತ ಕೂರುತ್ತಿರಲಿಲ್ಲ, ನಾನೇ ಲಾಲ್‌ಬಾಗ್ ಮಾರ್ಕೆಟ್ಟಿನಿಂದ ತರುತ್ತಿದ್ದೆ. ಅರ್ಧ ಅಗರ್‌ಗೆ, ಅರ್ಧ ಮನೆಗೆ.

ಮಕ್ಕಳಿಗೆ ಅಂಟುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹೀಗೆ ಹರಡುವ ರೋಗ ಅಲ್ಲ ಇದು. ಅಪ್ಪನ ಪಕ್ಕ ಕೂತು ಊಟ ಮಾಡಲಿ.

ದಾದರ್‌ನವರೇ, ಪಾರಿವಾಳದ ಹಿಕ್ಕೆಯಲ್ಲಿ ಈ ಫಂಗಸ್ ಚೆನ್ನಾಗಿ ಬೆಳೆಯುವುದು ನಿಜ. ಆದರೆ ಮಣ್ಣಿನಲ್ಲೂ ಇದೆ, ಮರದ ಪೊಟರೆಯಲ್ಲೂ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಬಹಳಷ್ಟು ಮಕ್ಕಳಿಗೆ ಇದರ ಪರಿಚಯ ಆಗಲೇ ಆಗಿತ್ತು. ಉಸಿರಿನ ಜೊತೆ ಎಲ್ಲರೂ ಎಳೆದುಕೊಂಡಿರುತ್ತೇವೆ. ಶ್ವಾಸಕೋಶದಲ್ಲಿ ಎಲ್ಲೋ ಮೂಲೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಕಸಿಯ ಔಷಧಿಯಿಂದ ರೋಗನಿರೋಧಕ ಶಕ್ತಿ ತಗ್ಗಿದಾಗ ಏಳುತ್ತದೆ. ಹಾಗಾಗಿ ಈ ಗೂಡೇ ಕಾರಣ ಅಂತ ಯಾರೂ ಬೆರಳು ತೋರಿಸಿ ಹೇಳಲಿಕ್ಕೆ ಆಗುವುದಿಲ್ಲ. ನೀವು ಹೇಳುವ ಕೆಮ್ಮು ಬೇರೆ. ಹಕ್ಕಿಯ ಧೂಳಿಗೆ ಶ್ವಾಸಕೋಶ ಅಲರ್ಜಿ ಮಾಡಿಕೊಂಡು ಗಟ್ಟಿಯಾಗುವುದು, ಅದು ಗಟ್ಟಿಮುಟ್ಟಾದವರಿಗೂ ಬರುತ್ತದೆ.

ಗೂಡು ತೆಗೆಸಿ, ಆದರೆ ಕಿತ್ತು ಎಸೆಯಬೇಡಿ. ಒಣ ಹಿಕ್ಕೆ ಗುಡಿಸಿದರೆ ಧೂಳು ಏಳುತ್ತದೆ, ಅದೇ ಅಪಾಯ. ಯಜಮಾನರು ಆಸ್ಪತ್ರೆಯಲ್ಲಿ ಇರುವಾಗಲೇ ಮಾಡಿಸಿ. ನೀರು ಹಾಕಿ ನೆನೆಸಿ, ಎನ್95 ಮಾಸ್ಕ್ ಹಾಕಿಕೊಂಡವರು ಒದ್ದೆಯಾಗಿಯೇ ಕೆರೆದು ಚೀಲಕ್ಕೆ ಹಾಕಲಿ. ಆಮೇಲೆ ಬಲೆ ಕಟ್ಟಿಸಿ.

ವಿರಾರ್ ಫಾಸ್ಟ್

ಇದು ಕೋವಿಡ್ ಹೊತ್ತಿನ ಬ್ಲ್ಯಾಕ್ ಫಂಗಸ್ಸೇ ಅಲ್ವಾ? ಆಗ ನಮ್ಮ ಚಿಕ್ಕಪ್ಪನ ಕಣ್ಣು ತೆಗೆಯಬೇಕಾಯಿತು. ಇದೇ ಆಂಫೋಟೆರಿಸಿನ್‌ಗೆ ಇಡೀ ಮುಂಬೈ ಅಲೆದಿದ್ದೆವು.

ಹಳೇ ಲ್ಯಾಬಿನವ, ಕಲ್ಯಾಣ

ಅಲ್ಲ, ಔಷಧಿ ಮಾತ್ರ ಒಂದೇ. 2021ರಲ್ಲಿ ಬಂದದ್ದು ಮ್ಯೂಕರ್. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರು, ಸ್ಟೀರಾಯ್ಡ್ ಜಾಸ್ತಿ ಆದವರು, ಅವರಿಗೆ ಮೂಗು, ಸೈನಸ್‌ನಿಂದ ಶುರುವಾಗಿ ಕಣ್ಣಿಗೆ, ಅಲ್ಲಿಂದ ಮೆದುಳಿಗೆ. ರಕ್ತನಾಳದೊಳಗೇ ನುಗ್ಗಿ ಮಾಂಸ ಕಪ್ಪಾಗಿ ಸಾಯುತ್ತದೆ, ಹಾಗಾಗಿ ಕತ್ತರಿಸಿ ತೆಗೆಯಬೇಕು. ಅದು ದಿನಗಳ ಲೆಕ್ಕದಲ್ಲಿ ಓಡುತ್ತದೆ. ಕ್ರಿಪ್ಟೊ ವಾರಗಟ್ಟಲೆ ನಿಧಾನಕ್ಕೆ ಬರುತ್ತದೆ, ಅದಕ್ಕೇ ಕನ್ನಡಕ ಬದಲಿಸುವಷ್ಟು ಹೊತ್ತು ಸಿಗುತ್ತದೆ. ಇದರಲ್ಲಿ ಕತ್ತರಿಸುವ ಕೆಲಸ ಇಲ್ಲ.

ಹೆಸರು ಬೇಡ

ನನಗೆ ಬಂದಿತ್ತು. ಕಾರಣ ಬೇರೆ, ಎಚ್‌ಐವಿ. ಗೊತ್ತಾದಾಗ ಸಿಡಿ4 ಅನ್ನುವ ರೋಗನಿರೋಧಕ ಕಣಗಳ ಎಣಿಕೆ 38. ನೂರಕ್ಕಿಂತ ಕೆಳಗಿದ್ದರೆ ತಲೆನೋವು ಇಲ್ಲದಿದ್ದರೂ ಈ ಆಂಟಿಜೆನ್ ಟೆಸ್ಟ್ ಮಾಡಿ ನೋಡಬೇಕಂತೆ. ನನಗೆ ತಲೆನೋವು ಬಂದ ಮೇಲೆಯೇ ಎಲ್ಲ ಒಟ್ಟಿಗೆ ಗೊತ್ತಾದದ್ದು.

ನನಗೆ ಕೊಟ್ಟದ್ದು ಹಳೇ ಥರದ ಆಂಫೋಟೆರಿಸಿನ್. ಡ್ರಿಪ್ ಶುರುವಾಗಿ ಸ್ವಲ್ಪ ಹೊತ್ತಿಗೆ ಮಂಚ ಅಲುಗಾಡುವಷ್ಟು ನಡುಕ ಬರುತ್ತಿತ್ತು. ವಾರ್ಡಿನ ಮಾವಶಿ (ಆಯಾ) ಎರಡು ಕಂಬಳಿ ತಂದು ಪಕ್ಕದಲ್ಲಿ ಇಟ್ಟೇ ಸಿಸ್ಟರ್‌ಗೆ ಶುರು ಮಾಡಿ ಅನ್ನುತ್ತಿದ್ದಳು. ನಿಮ್ಮವರಿಗೆ ಲೈಪೊಸೋಮಲ್ ಸಿಕ್ಕಿದೆ, ಅದರಲ್ಲಿ ಇದು ಕಡಿಮೆ. ಈ ಔಷಧಿಯಿಂದ ಪೊಟ್ಯಾಸಿಯಂ ಇಳಿದರೆ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಅದನ್ನು ಹೇಳದೆ ಸುಮ್ಮನಿರಬೇಡಿ ಅಂತ ಅವರಿಗೆ ತಿಳಿಸಿ.

ಬೆನ್ನಿನ ನೀರು ನನಗೂ ತುಂಬ ಸಲ ತೆಗೆದರು. ಅದರ ಬಗ್ಗೆ ಒಂದೇ ಮಾತು: ಕೊನೆಕೊನೆಗೆ ನಾನೇ ರೆಸಿಡೆಂಟ್ ಡಾಕ್ಟರನ್ನು ಕರೆದು "ಇವತ್ತು ತೆಗೆಯಿರಿ" ಅನ್ನುತ್ತಿದ್ದೆ. ತಲೆಯೊಳಗಿನ ಭಾರ ಅಲ್ಲೇ, ಮಲಗಿದ್ದಂತೆಯೇ ಇಳಿಯುತ್ತಿತ್ತು. ಎಡಗಿವಿ ಸ್ವಲ್ಪ ಮಂದ ಆಗಿದೆ. ಕಣ್ಣು ಉಳಿಯಿತು. ನಡೆಯುತ್ತೇನೆ, ದಾದರ್ ಬ್ರಿಜ್ ಹತ್ತುತ್ತೇನೆ, ಕೆಲಸಕ್ಕೂ ಹೋಗುತ್ತೇನೆ.

ನಮ್ಮಂಥವರಿಗೆ ಎಚ್‌ಐವಿ ಔಷಧಿಯನ್ನು ತಕ್ಷಣ ಶುರು ಮಾಡುವುದಿಲ್ಲ, ನಾಲ್ಕರಿಂದ ಆರು ವಾರ ತಡೆಯುತ್ತಾರೆ. ರೋಗನಿರೋಧಕ ಶಕ್ತಿ ಒಮ್ಮೆಲೇ ಎದ್ದು ಫಂಗಸ್ ಮೇಲೆ ಬಿದ್ದರೆ ಮೆದುಳು ಊದಿಕೊಳ್ಳುತ್ತದೆ. ಅಕ್ಕ, ನಿಮ್ಮವರ ಕಸಿಯ ಔಷಧಿಯನ್ನು ಒಮ್ಮೆಗೇ ನಿಲ್ಲಿಸದೆ ಮೆಲ್ಲಗೆ ಇಳಿಸುವುದೂ ಇದೇ ಕಾರಣಕ್ಕೆ ಇರಬೇಕು. ಕಸಿಯವರು ಯಾರಾದರೂ ಹೇಳಿ.

ಮೂರನೇ ಕಿಡ್ನಿ, ಚೆಂಬೂರು

ಹೌದು, ಅದೂ ಒಂದು. ಇನ್ನೊಂದು ಏನೆಂದರೆ, ಒಮ್ಮೆಗೇ ನಿಲ್ಲಿಸಿದರೆ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದು. ಯಾವುದನ್ನು ಮೊದಲು ತಗ್ಗಿಸುವುದು, ಎಷ್ಟು ತಗ್ಗಿಸುವುದು ಅಂತ ನೋಡಬೇಕು. ಅದು ನೆಫ್ರಾಲಜಿಸ್ಟ್ ಕೆಲಸ, ಮನೆಯವರು ಒಂದು ಮಾತ್ರೆಯನ್ನೂ ಆಚೀಚೆ ಮಾಡಬಾರದು.

ನಾನು ಬರೆಯಬೇಕು ಅಂತ ಬಂದದ್ದು ಬೇರೆ ವಿಷಯಕ್ಕೆ. ಅಕ್ಕ, ಆಂಫೋಟೆರಿಸಿನ್ ಮುಗಿದ ಮೇಲೆ ಫ್ಲುಕೊನಜೋಲ್ ಮಾತ್ರೆ ಶುರು ಮಾಡುತ್ತಾರೆ. ಅದು ಟ್ಯಾಕ್ರೊಲಿಮಸ್ ದೇಹದಲ್ಲಿ ಒಡೆದು ಹೋಗುವುದನ್ನು ತಡೆಯುತ್ತದೆ. ಅದೇ ಡೋಸ್ ತೆಗೆದುಕೊಂಡರೂ ರಕ್ತದಲ್ಲಿ ಮಟ್ಟ ಏರಿಬಿಡುತ್ತದೆ, ಕೈ ನಡುಗುತ್ತದೆ, ಕ್ರಿಯಾಟಿನಿನ್ ಏರುತ್ತದೆ. ನನಗೆ ಬೇರೆ ಯಾವುದೋ ಫಂಗಸ್‌ಗೆ ಫ್ಲುಕೊನಜೋಲ್ ಕೊಟ್ಟಾಗ ನಮ್ಮ ಡಾಕ್ಟರು ಟ್ಯಾಕ್ ಡೋಸನ್ನು ಅರ್ಧಕ್ಕೆ ಇಳಿಸಿ, ವಾರದಲ್ಲಿ ಎರಡೆರಡು ಸಲ ಲೆವೆಲ್ ನೋಡಿದರು. ಹಾಗಾಗಿ ಮೊದಲ ಫ್ಲುಕೊನಜೋಲ್ ಮಾತ್ರೆ ಬಾಯಿಗೆ ಹಾಕುವ ಮುಂಚೆ ನೆಫ್ರಾಲಜಿಸ್ಟ್‌ಗೆ ಗೊತ್ತಿದೆಯಾ ಅಂತ ಕೇಳಿ. ನ್ಯೂರೋದವರು ಬರೆಯುತ್ತಾರೆ, ಕಿಡ್ನಿಯವರಿಗೆ ಗೊತ್ತೇ ಇರುವುದಿಲ್ಲ, ಹೀಗೂ ಆಗುತ್ತದೆ. ಲೆವೆಲ್‌ಗೆ ರಕ್ತ ಕೊಡುವುದು ಬೆಳಗಿನ ಮಾತ್ರೆಗೆ ಮುಂಚೆ.

ಈಗ ಡ್ರಿಪ್ ನಡೆಯುವಾಗಲೂ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಲೈಪೊಸೋಮಲ್ ಆದರೂ. ಅಯ್ಯೋ ಅತ್ತೆಯ ಕಿಡ್ನಿ ಹೋಯಿತು ಅಂತ ಹೆದರಬೇಡಿ. ಡ್ರಿಪ್‌ಗೆ ಮುಂಚೆ ಸಲೈನ್ ಹಾಕುತ್ತಾರಾ, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಾ ನೋಡುತ್ತಾರಾ, ಇಷ್ಟು ಗಮನಿಸಿ. ಫ್ಲೂಸೈಟೊಸಿನ್ ಡೋಸ್ ಕೂಡ ಕಿಡ್ನಿಗೆ ತಕ್ಕ ಹಾಗೆ ಇಳಿಸಬೇಕು. ಇಲ್ಲದಿದ್ದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಇಳಿಯುತ್ತವೆ.

ಮುಲುಂಡಿನ ಸೊಸೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಲ್ಯಾಬಿನ ಅಣ್ಣ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ಬರೆಯಲಿಕ್ಕೆ ಯಾರೂ ಏನೂ ಬರೆಯುತ್ತಾರೆ" ಅಂದರು. ಆದರೂ ವಾರ್ಡಿಗೆ ಬಂದರು. ನೀರು ತೆಗೆಯುವಾಗ ಹೊರಗೆ ಕೂತಿದ್ದರು. ಒಳಗೆ ಹೋದಾಗ ಇವರು ಮೀನು ಸಾರು ತಂದಿದ್ದೀಯಾ ಅಂತ ಕೇಳಿದರು. ಇಷ್ಟು ದಿನ ಒಂದು ಲೋಟ ನೀರು ಕುಡಿದರೂ ಹೊರಗೆ ಬರುತ್ತಿತ್ತು. ಈಗ ಅತ್ತೆಯೇ ಭಾವನಿಗೆ ಫೋನಿನಲ್ಲಿ ಬೈಯುತ್ತಿದ್ದಾರೆ. ನಿನ್ನೆ ಪ್ರೆಶರ್ 22. ಎರಡಾಗಿ ಕಾಣುವುದು ಇನ್ನೂ ಪೂರ್ತಿ ಹೋಗಿಲ್ಲ.

ಒಂದು ಗಾಬರಿ. ನಿನ್ನೆಯ ನೀರಿನಲ್ಲೂ ಇಂಡಿಯಾ ಇಂಕ್ ಪಾಸಿಟಿವ್ ಬಂದಿದೆ. ಔಷಧಿ ಹಿಡಿಯುತ್ತಿಲ್ಲವಾ? ಮತ್ತೆ ಫ್ಲುಕೊನಜೋಲ್ ಎಷ್ಟು ದಿನ ಅಂತ ಕೇಳಿದ್ದಕ್ಕೆ ಡಾಕ್ಟರು "ಲಾಂಗ್" ಅಂದು ರೌಂಡ್ಸ್ ಮುಗಿಸಿ ಹೋದರು.

ಹಳೇ ಲ್ಯಾಬಿನವ, ಕಲ್ಯಾಣ

ತಂಗಿ, ಸತ್ತ ಫಂಗಸ್ ಕೂಡ ಶಾಯಿಯಲ್ಲಿ ಹಾಗೇ ಕಾಣುತ್ತದೆ. ಕವಚ ಎಲ್ಲೂ ಹೋಗಿರುವುದಿಲ್ಲ. ಆಂಟಿಜೆನ್ ಅಂತೂ ತಿಂಗಳುಗಟ್ಟಲೆ ಪಾಸಿಟಿವ್ ಬರುತ್ತಲೇ ಇರಬಹುದು. ಬದುಕಿದೆಯೋ ಇಲ್ಲವೋ ಹೇಳುವುದು ಕಲ್ಚರ್, ಅಂದರೆ ಬೆಳೆಸಿ ನೋಡುವ ಟೆಸ್ಟ್ ಮಾತ್ರ. ಎರಡು ವಾರದ ಡ್ರಿಪ್ ಆದ ಮೇಲೆ ತೆಗೆದ ನೀರಿನಲ್ಲಿ ಏನೂ ಬೆಳೆಯಬಾರದು. ಆ ಕಲ್ಚರ್ ಕಳಿಸಿದರಾ ಅಂತ ಕೇಳಿ. ಬೆಳೆದರೆ ಡ್ರಿಪ್ ಮುಂದುವರಿಸುತ್ತಾರೆ.

ಮೂರನೇ ಕಿಡ್ನಿ, ಚೆಂಬೂರು

ಕಸಿಯವರಿಗೆ ಸಾಮಾನ್ಯವಾಗಿ ಫ್ಲುಕೊನಜೋಲ್ ಎಂಟು ವಾರ ದೊಡ್ಡ ಡೋಸ್, 400ರಿಂದ 800 ಮಿಲಿಗ್ರಾಂ. ಅದಾದ ಮೇಲೆ 200ರಿಂದ 400ಕ್ಕೆ ಇಳಿಸಿ ಆರು ತಿಂಗಳಿಂದ ಒಂದು ವರ್ಷ. ಕಿಡ್ನಿ ನೋಡಿಕೊಂಡು ನಿಮ್ಮವರ ಡೋಸ್ ಬೇರೆ ಇರಬಹುದು. ಡಿಸ್ಚಾರ್ಜ್ ಪೇಪರಿನಲ್ಲಿ ಯಾವ ತಾರೀಕಿಗೆ ಡೋಸ್ ಇಳಿಸಬೇಕು ಅಂತ ಬರೆಸಿಕೊಳ್ಳಿ. ಮುಂದೊಂದು ದಿನ ಫ್ಲುಕೊನಜೋಲ್ ನಿಲ್ಲಿಸಿದಾಗ ಟ್ಯಾಕ್ ಮಟ್ಟ ಕೆಳಗೆ ಬೀಳುತ್ತದೆ, ಆಗ ಅದರ ಡೋಸನ್ನು ಮತ್ತೆ ಏರಿಸಬೇಕಾಗುತ್ತದೆ. ನಿಲ್ಲಿಸುವ ವಾರದಲ್ಲೂ ಒಂದು ಲೆವೆಲ್ ಟೆಸ್ಟ್ ಬರೆಸಿ. ಮಾತ್ರೆ ಜೆನೆರಿಕ್ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ಆದರೆ ಟ್ಯಾಕ್ರೊಲಿಮಸ್ ಬ್ರ್ಯಾಂಡ್ ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.